ಲಿಂಗ ಕಳಚಿದವನಿಗೆ ಒಂದು ಎಡೆ

ಕಾದಂಬರಿ ನಲವತ್ತೆರಡನೆಯ ಪುಟಕ್ಕೆ ಬಂದಿದ್ದಾಗ ಅಜ್ಜಿ ಅದನ್ನು ಓದಿ ಹೇಳು ಎಂದಳು. ಎರಡು ಮಧ್ಯಾಹ್ನ ಕೂತು ಓದಿದೆ. ಕೇಳಿ ಮುಗಿಸಿ, ವೀಳ್ಯದೆಲೆಗೆ ಸುಣ್ಣ ಸವರುತ್ತ, "ಚೆಂದಾಗದೆ ಕೂಸು. ಆದ್ರೆ ಇದೆಲ್ಲ ಸುಳ್ಳು ತಾನೆ?" ಎಂದಳು.

ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದೂರು ತಾಳವಾಡಿಯ ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷದಿಂದ ಮಕ್ಕಳಿಗೆ ಕನ್ನಡ ಹೇಳಿಕೊಡುವವಳು ನಾನು, ಶೈಲಶ್ರೀ. ಕಾದಂಬರಿಯಲ್ಲಿ ಕಲ್ಪನೆಗೆ ಏನು ಜಾಗ ಎಂದು ಬೋರ್ಡಿನ ತುಂಬ ಬರೆಯಬಲ್ಲೆ. ಎಂಬತ್ತೈದು ವರ್ಷದ ಮುದುಕಿಗೆ ಅದನ್ನೇ ಹೇಳಲು ಬಾಯಿ ಬರಲಿಲ್ಲ. ಸಿಟ್ಟು ಬಂತು. ನೋಟ್‌ಬುಕ್ ಮುಚ್ಚಿಕೊಂಡು ಒಳಗೆ ಹೋದೆ.

ಸಿಟ್ಟು ಬಂದದ್ದು ಅಜ್ಜಿ ಹೇಳಿದ್ದು ನಿಜವಾಗಿದ್ದಕ್ಕೆ. ನಾನು ಬರೆಯುತ್ತಿದ್ದದ್ದು ಅವಳ ಅಪ್ಪ ಮಹದೇವಪ್ಪನ ಕಥೆ. ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಒಂದು ಜೊತೆ ಎತ್ತು ಮಾರಲು ಘಾಟಿ ಇಳಿದು ಸತ್ಯಮಂಗಲದ ಸಂತೆಗೆ ಹೋದವನು ವಾಪಸು ಬರಲಿಲ್ಲ. ಬಿಳಿಯರ ರಬ್ಬರ್ ತೋಟಕ್ಕೆ ಆಳು ಹಿಡಿಯುವ ಮೇಸ್ತ್ರಿಯೊಬ್ಬನ ಜೊತೆ ಹಡಗು ಹತ್ತಿ ಮಲಯಾಕ್ಕೆ, ಅಂದರೆ ಇಂದಿನ ಮಲೇಷ್ಯಾಕ್ಕೆ, ಹೋಗಿಬಿಟ್ಟ. ಆಗ ಅವನ ಹೆಂಡತಿಗೆ ಏಳು ತಿಂಗಳು. ಹೊಟ್ಟೆಯಲ್ಲಿದ್ದ ಕೂಸೇ ನನ್ನ ಅಜ್ಜಿ ಶಿವಮಲ್ಲಮ್ಮ. ನನ್ನ ಕಾದಂಬರಿಯಲ್ಲಿ ಮಹದೇವಪ್ಪನಿಗೆ ಅಲ್ಲಿ ಒಬ್ಬ ಚೀನೀ ಹೆಣ್ಣಿನ ಮೇಲೆ ಮನಸ್ಸಾಗುತ್ತದೆ. ಅವಳಿಗಾಗಿ ಅವನು ಕತ್ತಿನ ಲಿಂಗವನ್ನು ಕಳಚಿಡುತ್ತಾನೆ. ಆ ಅಧ್ಯಾಯ ಬರೆದ ದಿನ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಚೀನೀ ಹೆಣ್ಣು ನನ್ನ ಸೃಷ್ಟಿ. ಲಿಂಗ ಕಳಚಿದ್ದು ಮಾತ್ರ ನಡೆದದ್ದು. ನಮ್ಮವರಲ್ಲಿ ಕೂಸು ಹುಟ್ಟಿದಾಗ ಕಟ್ಟಿದ ಲಿಂಗ ಆ ಮನುಷ್ಯ ಸತ್ತಾಗ ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ನಡುವೆ ಅದನ್ನು ಕಳಚಿದವನು ನಮ್ಮವನೇ ಅಲ್ಲ. ನಲವತ್ತಾರರಲ್ಲಿ, ಯುದ್ಧ ಮುಗಿದ ಮೇಲೆ, ಅಜ್ಜಿಯ ತವರುಮನೆಯ ಅಂಗಳಕ್ಕೆ ಚಿಕ್ಕಮಾದ ಎಂಬುವನು ಬಂದು ನಿಂತ. ಊರಾಚೆಯ ಕೇರಿಯವನು, ಮಹದೇವಪ್ಪನ ಜೊತೆಯಲ್ಲೇ ಹಡಗು ಹತ್ತಿದ್ದವನು. ಅಂಗಿಯ ಗುಂಡಿ ಬಿಚ್ಚಿ, ತನ್ನ ಕತ್ತಿನಿಂದ ಬೆಳ್ಳಿಯ ಕರಡಿಗೆಯನ್ನು ತೆಗೆದ. ಅದು ಆ ಮನೆಯ ಕರಡಿಗೆ, ಒಳಗಿದ್ದದ್ದು ಮಹದೇವಪ್ಪನ ಲಿಂಗ. ಮಹದೇವಪ್ಪನ ಅಣ್ಣ, ಮನೆಯ ಯಜಮಾನ, ಅದನ್ನು ನೆಲದ ಮೇಲೆ ಇಡಿಸಿ, ಅವನನ್ನು ಅಟ್ಟಿದ. ಐನೋರನ್ನು ಕರೆಸಿ ಲಿಂಗವನ್ನು ಮೋಯಾರು ಹೊಳೆಗೆ ಬಿಡಿಸಿದ. "ಲಿಂಗ ಕಳಚಿ ಕೇರಿಯವನ ಕತ್ತಿಗೆ ಕಟ್ಟಿದವನ ಹೆಸರು ಈ ಮನೇಲಿ ಎತ್ತಕೂಡದು" ಎಂದ. ಎತ್ತಲಿಲ್ಲ ಯಾರೂ, ಎಪ್ಪತ್ತೆಂಟು ವರ್ಷ.

ಅಜ್ಜಿಗೆ ಆಗ ಎಂಟು ವರ್ಷ. ಬಂದವನಿಗೆ ಕುಡಿಯಲು ನೀರು ಕೊಟ್ಟವಳು ಅವಳೇ. ಆಮೇಲೆ ಲಿಂಗ ಕಳಚಿದವನ ಮಗಳು ಎಂದು ಬಂದ ಗಂಡುಗಳೆಲ್ಲ ವಾಪಸು ಹೋದವು. ಕೊನೆಗೆ ಹೆಂಡತಿ ಸತ್ತಿದ್ದ ನನ್ನ ತಾತ ಕಟ್ಟಿಕೊಂಡರು. ಒಳ್ಳೆಯ ಮನುಷ್ಯ ಎಂಬುದು ಅಜ್ಜಿಯ ಅದೃಷ್ಟ. ಅವಳ ಅವ್ವ ಮಾತ್ರ ಮುತ್ತೈದೆಯೋ ವಿಧವೆಯೋ ಯಾರಿಗೂ ಹೇಳಲಾಗದೆ ಕುಂಕುಮ ಇಟ್ಟುಕೊಂಡೇ ಮುದುಕಿಯಾಗಿ ಸತ್ತಳು.

ಸಂಜೆ ಅಜ್ಜಿಯೇ ನನ್ನ ಕೋಣೆಗೆ ಬಂದಳು. ಗೋಡೆ ಹಿಡಿದು ನಿಂತು ಹೇಳಿದಳು.

"ನಿನ್ನ ಕತೇಲಿ ಏನಾರ ಬರ್ಕೊ. ನಂಗೊಂದು ಗೊತ್ತಾಗ್ಬೇಕು ಕಣವ್ವ. ಲಿಂಗವ ಅವ್ನೇ ಕಳಚುದ್ನಾ? ಕಳಚುದ್ರೆ ಯಾಕೆ ಕಳಚ್ದ? ನಾ ಸಾಯಾದ್ರೊಳಗೆ ನಮ್ಮಪ್ಪಂಗೊಂದು ಎಡೆ ಇಡುಸ್ಬೇಕು."

ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ, ನಮ್ಮ ಮಾತಿನಲ್ಲಿ ಮಾರ್ಲಾಮಿಗೆ, ಸತ್ತವರ ಹೆಸರು ಹೇಳಿ ಎಲೆ ಹಾಕಿ ಬಡಿಸುವುದೇ ಎಡೆ. ಅದನ್ನು ಮಗಳು ತನ್ನ ಗಂಡನ ಮನೆಯಲ್ಲಿ ಇಡುವಂತಿಲ್ಲ. ಅಪ್ಪ ಹುಟ್ಟಿದ ಮನೆಯಲ್ಲೇ ಇಡಬೇಕು. ಆ ಮನೆ ಜೀರಹಳ್ಳಿಯ ಆಚೆಗಿದೆ. ಈಗ ಅದರ ಯಜಮಾನ ಉಮಾಶಂಕರ ಮಾವ, ಚಿಕ್ಕಮಾದನನ್ನು ಅಟ್ಟಿದವನ ಮೊಮ್ಮಗ. ಅಜ್ಜಿ ಪ್ರತಿ ವರ್ಷ ಹಬ್ಬಕ್ಕೆ ಅಲ್ಲಿಗೆ ಹೋಗುತ್ತಾಳೆ, ಸಾಲಾಗಿ ಹಾಕಿದ ಆರು ಎಲೆಗಳನ್ನು ನೋಡುತ್ತಾಳೆ, ಊಟ ಮಾಡಿ ಬರುತ್ತಾಳೆ. ಬಂದ ಮೇಲೆ ಎರಡು ದಿನ ಮಾತಾಡುವುದಿಲ್ಲ. ಅದು ಯಾಕೆಂದು ಆ ಸಂಜೆಯವರೆಗೆ ನನಗೆ ಹೊಳೆದಿರಲಿಲ್ಲ. ನಾನು ಕಾದಂಬರಿಗಾರ್ತಿಯಂತೆ.

ಫೇಸ್‌ಬುಕ್ಕಿನಲ್ಲಿ ಮಲೇಷ್ಯಾದ ತೋಟದ ಕುಟುಂಬಗಳವರ ಒಂದು ಗುಂಪಿದೆ. ಅದರಲ್ಲಿ ತಮಿಳಿನಲ್ಲಿ ಬರೆದು ಹಾಕಿದೆ: ತಾಳವಾಡಿ ಮಲೆಯ ಮಹದೇವಪ್ಪ, ಚಿಕ್ಕಮಾದ, ಯಾರಿಗಾದರೂ ಗೊತ್ತೆ? ಏಳು ತಿಂಗಳು ಯಾರೂ ಮಾತಾಡಲಿಲ್ಲ. ಎಂಟನೆಯ ತಿಂಗಳು ಈಪೊ ಎಂಬ ಊರಿನಿಂದ ಸೆಲ್ವಿ ಎನ್ನುವವರು ಫೋನ್ ಮಾಡಿದರು. ನಿವೃತ್ತ ತಮಿಳು ಟೀಚರ್. ಎಳೆ ವಯಸ್ಸಿನಲ್ಲಿ ಕ್ಯಾಸೆಟ್ ರೆಕಾರ್ಡರ್ ಹೊತ್ತುಕೊಂಡು ತೋಟದ ಮುದುಕರನ್ನೆಲ್ಲ ಮಾತಾಡಿಸಿದ್ದರಂತೆ.

"ಒಂದು ಕ್ಯಾಸೆಟ್ ಮಾತ್ರ ನನಗೆ ಅರ್ಥವಾಗಿಲ್ಲ, ಟೀಚರ್" ಎಂದರು. "ಅರ್ಧದವರೆಗೆ ತಮಿಳು, ಆಮೇಲೆ ಬೇರೆ ಏನೋ. ತೆಲುಗಿನವರಿಗೆ ಕೇಳಿಸಿದೆ, ಮಲಯಾಳಿಗಳಿಗೆ ಕೇಳಿಸಿದೆ, ನಮ್ಮದಲ್ಲ ಎಂದರು. ಅದರಲ್ಲಿ ತಾಳವಾಡಿ ಅನ್ನೋ ಮಾತು ಮೂರು ಸಲ ಬರುತ್ತೆ. ಟೇಪು ಹಳೆಯದು, ಹಾಕಿದರೆ ಹರಿದುಹೋಗಬಹುದು. ಅರ್ಥವಾಗುವವರು ಪಕ್ಕದಲ್ಲಿ ಕೂತಾಗಲೇ ಹಾಕಬೇಕು ಅಂತ ಇಟ್ಟಿದ್ದೀನಿ."

ಹೋಗುವುದೆಂದು ನಿಂತೆ. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸು, ಮಲೇಷ್ಯಾಕ್ಕೆ ಯಾಕೆ ಎಂದು ತಮಿಳಿನಲ್ಲಿ ಕೇಳಿದ. ಮುತ್ತಾತನನ್ನು ಹುಡುಕಲು ಎಂದೆ. "ಕಾಣೆಯಾಗಿ ಎಷ್ಟು ದಿನ ಆಯಿತು?" ಎಂದ. ಎಂಬತ್ತೇಳು ವರ್ಷ ಎಂದೆ. ಪೆನ್ನು ಎತ್ತಿ ನನ್ನ ಮುಖ ನೋಡಿದ. ನಮ್ಮ ಅವ್ವ ಅಡುಗೆಮನೆಯಿಂದ ಕಾಫಿ ತಂದು ಕೊಟ್ಟು, "ಟೂರಿಗೆ ಓಯ್ತಾವ್ಳೆ ಅಂತ ಬರ್ಕೊಳಪ್ಪ" ಎಂದು ಮುಗಿಸಿದಳು. ಅದು ಪೂರ್ತಿ ಸುಳ್ಳೂ ಅಲ್ಲ. ಬೇಸಿಗೆ ರಜೆಯಲ್ಲಿ ಟೀಚರುಗಳದ್ದೊಂದು ತಂಡ ಹೊರಟಿತ್ತು, ನಾನೂ ಸೇರಿಕೊಂಡೆ. ಅವರು ಅವಳಿ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ನಾನು ಕೌಲಾಲಂಪುರದ ಪತ್ರಾಗಾರದಲ್ಲಿ ಕೂತಿದ್ದೆ. ನಮ್ಮ ಹೆಡ್ಮಿಸ್ಟ್ರೆಸ್ಸಿಗೆ ಇಂದಿಗೂ ಅದರ ಕೋಪ ಇದೆ.

ಪತ್ರಾಗಾರದಲ್ಲಿ ಎರಡು ದಿನ ಕಣ್ಣು ಉರಿಯುವ ತನಕ ಹಳೆಯ ರಿಜಿಸ್ಟರ್ ತಿರುವಿದೆ. ಒಂದು ತೋಟದ ಪಟ್ಟಿಯಲ್ಲಿ ಮಹದೇವಪ್ಪ ಸಿಕ್ಕ: ವಯಸ್ಸು ಇಪ್ಪತ್ನಾಲ್ಕು, ಜಿಲ್ಲೆ ಕೊಯಮತ್ತೂರು (ಆಗ ನಮ್ಮದು ಅದೇ ಜಿಲ್ಲೆ), ಒಬ್ಬನೇ. ಮರುಸಾಲಿನಲ್ಲೇ ಚಿಕ್ಕಮಾದ. ನಲವತ್ತಮೂರನೆಯ ಇಸವಿಯ ಪಟ್ಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಷರಾ ಇತ್ತು: ರೈಲು ಕೆಲಸಕ್ಕೆ. ಆಗ ಜಪಾನಿನವರು ಮಲಯಾವನ್ನು ಹಿಡಿದಿದ್ದರು. ಸಯಾಮಿನಿಂದ, ಈಗಿನ ಥಾಯ್ಲೆಂಡಿನಿಂದ, ಬರ್ಮಾಕ್ಕೆ ಕಾಡು ಕಡಿದು ರೈಲು ಹಾಕಲು ತೋಟದ ಆಳುಗಳನ್ನು ಲಾರಿಗೆ ತುಂಬಿ ಕಳಿಸಿದರು. ಹೋದವರಲ್ಲಿ ಬಹಳ ಜನ ಬರಲಿಲ್ಲ. ಇದನ್ನು ನಾನು ಪುಸ್ತಕಗಳಲ್ಲಿ ಓದಿದ್ದೆ. ನಮ್ಮ ಮನೆಯವನೊಬ್ಬನ ಹೆಸರಿನ ಮುಂದೆ ಓದಿದ್ದು ಇದೇ ಮೊದಲು.

ಮೂರನೆಯ ದಿನ ಬಸ್ಸು ಹಿಡಿದು ಈಪೊಗೆ ಹೋದೆ. ಸೆಲ್ವಿ ಅಮ್ಮ ಕುಳ್ಳಗೆ, ದಪ್ಪ ಕನ್ನಡಕದವರು. ಹೋದ ತಕ್ಷಣ ಊಟಕ್ಕೆ ಕೂರಿಸಿದರು. ಉಣ್ಣುವಾಗಲೇ ಹೇಳಿದರು: ಚಿಕ್ಕಮಾದ ಯುದ್ಧ ಮುಗಿದ ಮೇಲೆ ಊರಿಗೆ ಹೋಗಿ, ಆರೇ ತಿಂಗಳಲ್ಲಿ ತಿರುಗಿ ಅದೇ ತೋಟಕ್ಕೆ ಬಂದ. ಮದುವೆಯಾಗಲಿಲ್ಲ. ತೊಂಬತ್ತೊಂದರಲ್ಲಿ ಸತ್ತಾಗ ತೋಟದ ಆಳುಗಳ ಲೈನುಮನೆಗಳವರು ಸೇರಿ ಮಣ್ಣು ಮಾಡಿದರು. ಎಂಬತ್ತನಾಲ್ಕರಲ್ಲಿ ಈ ಕ್ಯಾಸೆಟ್ಟಿಗೆ ಮಾತಾಡಿದ್ದು.

"ಮಾತಾಡ್ತಾ ಮಾತಾಡ್ತಾ ನಾನು ಎದುರಿಗಿರೋದನ್ನೇ ಮರೆತರು" ಎಂದರು ಸೆಲ್ವಿ ಅಮ್ಮ. "ನಿಲ್ಲಿಸೋಕೆ ನನಗೆ ಮನಸ್ಸು ಬರಲಿಲ್ಲ. ಅರ್ಥವಾಗದೇ ಇದ್ದರೂ ಕೂತು ಕೇಳಿದೆ."

ಕಾಯಿಲೆಯವರ ಮಗ್ಗುಲು ಬದಲಿಸುವ ಹಾಗೆ ಮೆತ್ತಗೆ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದರು. ನಾನು ನನ್ನ ಮೊಬೈಲನ್ನು ಪಕ್ಕದಲ್ಲಿ ರೆಕಾರ್ಡಿಗಿಟ್ಟೆ. ಮೊದಲು ಕರಕರ ಸದ್ದು, ಯಾವುದೋ ಕೋಳಿ, ತಮಿಳು. ಆಮೇಲೆ ಒಂದು ಕೆಮ್ಮು. ಕೆಮ್ಮಿನ ಆಚೆಗೆ ನಮ್ಮ ಸಂತೆಯಲ್ಲಿ, ನಮ್ಮ ಬಸ್ಸಿನಲ್ಲಿ, ನಮ್ಮ ಹಿತ್ತಿಲಲ್ಲಿ ಕೇಳುವ ಮಾತು ಶುರುವಾಯಿತು. ಸಮುದ್ರ ದಾಟಿ ಬಂದು ನಮ್ಮೂರ ಮಾತು ಕೇಳಿ ನಾನು ಮೊದಲು ಅತ್ತೆ, ಆಮೇಲೆ ಅರ್ಥ ಮಾಡಿಕೊಂಡೆ.

"ಸಯಾಮು ಕಾಡಲ್ಲಿ ವಾಂತಿಬೇದಿ ಬಂತು" ಎನ್ನುತ್ತಿದ್ದ ಚಿಕ್ಕಮಾದ. "ಊರಲ್ಲಿ ಅವ್ರು ಮಾದೇವಪ್ಪಾರು. ಅಲ್ಲಿ ಮಾದೇವಪ್ಪ. ಒಂದೇ ತಗಡು ಡಬ್ಬಿಲಿ ಇಬ್ರೂ ಗಂಜಿ ಕುಡುದ್ವಿ. ಸತ್ತೋರ್ನ ಗುಂಡಿ ತೋಡಿ ಉಗಿಯಕ್ಕೆ ಆಳಿಲ್ಲ, ಸೌದೆ ಒಟ್ಟಿ ಸುಟ್ಬುಡೋರು. ಉಸ್ರು ಇದ್ದೋರ್ನೂ ಒಂದೊಂದ್ಸಲ ಆಕ್ಬುಡೋರು. ಮಾದೇವಪ್ಪಂಗೂ ಬಂತು. ಮೂರ್ನೇ ದಿನ ಲಿಂಗವ ಅವ್ನೇ ಕಳಚ್ದ."

ಅವನೇ ಕಳಚಿದ. ಅದನ್ನು ಕೇಳಿದಾಗ ನನಗೆ ಮೊದಲು ಆದದ್ದೇನು ಎಂಬುದನ್ನು ಮುಚ್ಚಿಡಬಾರದು: ಸಂತೋಷವಾಯಿತು. ನನ್ನ ಅಧ್ಯಾಯ ಉಳಿಯಿತು ಎನಿಸಿತು. ಅರೆಗಳಿಗೆಯಲ್ಲೇ ಅದು ಹೇಸಿಗೆಯಾಗಿ, ಆ ಮನೆಯ ನೆಲ ಬಿರಿಯಬಾರದೆ ಅನಿಸಿತು. ಟೇಪು ಸುತ್ತುತ್ತಲೇ ಇತ್ತು.

"'ಮಾದ, ನನ್ನ ಸುಡ್ತರೆ' ಅಂದ. 'ನಮ್ಮೋರ್ನ ಸುಡಕಿಲ್ಲ, ಮಣ್ಗೆ ಮಡುಗ್ತರೆ. ನಾ ಬೂದಿ ಆದ್ರೆ ಆಗೋಗ್ಲಿ, ಇದು ಆಗ್ಬಾರ್ದು. ಇದ ತಕ್ಕೊಂಡೋಗಿ ನಮ್ಮಣ್ಣಂಗೆ ಕೊಡು. ನಮ್ಮ ಒಲದಲ್ಲಿ ಮಣ್ಗೆ ಮಡುಗ್ಲಿ. ಅಲ್ಗೆ ನಾ ಊರ್ಗೆ ಬಂದಂಗೆ' ಅಂದ. ನಾ ಮುಟ್ಟಕಿಲ್ಲ ಅಂದೆ. ಬೈದ. ಕೈಲಿಟ್ಕೊಂಡ್ರೆ ಕಳ್ದೋಯ್ತದೆ ಅಂತ ಅವ್ನೇ ಎದ್ದು ಕೂತು ನನ್ನ ಕತ್ಗೆ ಕಟ್ದ. ಕೈ ನಡುಗ್ತಿತ್ತು, ಗಂಟಾಕಕ್ಕೆ ಆಯ್ತಿರ್ನಿಲ್ಲ. ಮೂರು ಗಂಟು ಆಕ್ದ."

ಚಿಕ್ಕಮಾದ ಮತ್ತೆ ಕೆಮ್ಮಿ ಮುಂದುವರಿಸಿದ.

"ಇನ್ನೊಂದು ಮಾತು ಏಳ್ದ. 'ನಮ್ಮೂರ್ಗೆ ಓದಾಗ ಕೂಸು ಗಂಡಾ ಎಣ್ಣಾ ನೋಡ್ಕಂಡು ಬಾ' ಅಂದ. ನೋಡ್ಕಂಡು ಬಂದು ಯಾರ್ಗೆ ಏಳಾದು? ಸಂಜೆಗಂಟ ಇರಕಿಲ್ಲ ಅಂತ ನಂಗೂ ಗೊತ್ತು, ಅವ್ನಿಗೂ ಗೊತ್ತು. ಆದ್ರೂ ಕೇಳ್ದ. ಆಯ್ತು ನೋಡ್ಕಂಡು ಬತ್ತೀನಿ ಅಂದೆ. ಮೂರು ವರ್ಸ ಕತ್ತಲ್ಲೇ ಇತ್ತು ಅದು. ತಾಳವಾಡಿಗೆ ಓದೆ. ಅಂಗಳಕ್ಕೆ ಕಾಲಿಟ್ಟೆ. ಒಂದು ಎಣ್ಣು ಕೂಸು ಬಂದು ನೀರು ಉಯ್ತು. ಮಾದೇವಪ್ಪಂದೇ ಅಣೆ, ಅದೇ ಮೊಕ. ಕೂಸು, ನಿಮ್ಮಪ್ಪ ಅಂತ ಬಾಯಿ ತಗ್ದೆ. ಒಳಗಿಂದ ಅವ್ರಣ್ಣ ಬಂದ್ರು. ಕರಡ್ಗೆ ಕಂಡ್ರು. ಕಲ್ಲು ತಕ್ಕಂಡ್ರು. ಮಾತು ಬಾಯಲ್ಲೇ ಉಳೀತು."

ಆಮೇಲೆ ಟೇಪು ಕಟ್ಟೆಂದು ನಿಂತಿತು. ಹರಿದಿರಲಿಲ್ಲ, ಮುಗಿದಿತ್ತು. ಏನು ಹೇಳಿದರು ಎಂದು ಸೆಲ್ವಿ ಅಮ್ಮ ಕೇಳಿದರು. ನಲವತ್ತು ವರ್ಷದಿಂದ ಅರ್ಥವಾಗದ್ದನ್ನು ಜೋಪಾನ ಮಾಡಿದವರಿಗೆ ಒಂದೊಂದೇ ಮಾತು ತಮಿಳಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅವರ ಕಾಲಿಗೆ ಬಿದ್ದೆ, ಯಾಕೆಂದು ನನಗೇ ಗೊತ್ತಿಲ್ಲ.

ಊರಿಗೆ ಬಂದವಳು ನೇರವಾಗಿ ಅಜ್ಜಿಯ ಹತ್ತಿರ ಹೋಗಲಿಲ್ಲ. ಹೆದರಿಕೆಯಾಯಿತು. ಅವನೇ ಕಳಚಿದ ಎಂಬ ಒಂದು ಮಾತೇ ಸಾಕು, ಎಡೆ ತಪ್ಪಿಸಲು. ಮೊದಲು ಉಮಾಶಂಕರ ಮಾವನನ್ನು ಕಾಣಲು ಹೋದೆ. ಎಲೆಕೋಸಿನ ಹೊಲದಲ್ಲಿ ನೀರಿನ ಪೈಪು ಸರಿಸುತ್ತಿದ್ದರು. ಬದುವಿನ ಮೇಲೆ ಕೂತು ಎಲ್ಲ ಹೇಳಿದೆ. ಟೇಪು ಕೇಳಿಸುತ್ತೇನೆ ಎಂದರೆ ಬೇಡವೆಂದು ಕೈಯಾಡಿಸಿದರು. ಕೆಟ್ಟ ಮನುಷ್ಯ ಅಲ್ಲ ಮಾವ. ತಾತ ಮಾಡಿದ್ದನ್ನು ತಾನು ಹೊರಬೇಕಲ್ಲ ಎಂದು ಹೆದರಿದವರು.

"ನೋಡು ಶೈಲ" ಎಂದರು. "ಸತ್ತ ಮ್ಯಾಲೆ ಮಾದ ಬಿಚ್ಕಂಡ ಅಂತ ಅತ್ತೆಗೆ ಏಳ್ಬುಡು. ಊರೋರ್ಗೂ ಅಂಗೇ ಏಳ್ಮ. ಈ ಮಾರ್ಲಾಮಿಗೇ ಎಡೆ ಇಡುಸ್ತೀನಿ. ಯಾರ ಮಾನವೂ ಓಗಕಿಲ್ಲ."

ಎಷ್ಟು ಸಲೀಸು. ಒಂದು ವಾಕ್ಯ ತಿದ್ದಿದರೆ ಅಜ್ಜಿಗೆ ಬೇಕಾದದ್ದು ಸಿಗುತ್ತದೆ. ನಲವತ್ತೆರಡು ಪುಟ ಸುಳ್ಳು ಬರೆದವಳಿಗೆ ಒಂದು ವಾಕ್ಯ ಯಾವ ಲೆಕ್ಕ? ತಾಳವಾಡಿ ಬಸ್ಸು ಹತ್ತುವಾಗ ಹಾಗೇ ಹೇಳುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಇಳಿಯುವ ಹೊತ್ತಿಗೆ ಬೇರೆ ಸಂಕಟ ಹಿಡಿಯಿತು. ಹಾಗೆ ಹೇಳಿದರೆ ಚಿಕ್ಕಮಾದ ಹೆಣದ ಮೇಲಿನ ಬೆಳ್ಳಿ ಬಿಚ್ಚಿಕೊಂಡವನಾಗುತ್ತಾನೆ. ಕೇಳಿದ ಮಾತಿಗಾಗಿ ಸಮುದ್ರ ದಾಟಿ, ಘಾಟಿ ಹತ್ತಿ ಬಂದವನಿಗೆ ಕಲ್ಲು ತೋರಿಸಿದ್ದು ಸಾಲದೆಂದು ಈಗ ಕಳ್ಳನನ್ನಾಗಿಯೂ ಮಾಡಬೇಕು. ಮನೆಗೆ ಹೋದವಳೇ ಅಜ್ಜಿಯ ಮುಂದೆ ಕೂತು ಮೊಬೈಲು ಹಚ್ಚಿದೆ.

ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವ್ನೇ ಕಳಚ್ದ ಎಂಬಲ್ಲಿ ಅವಳ ಕೈ ತನ್ನ ಕತ್ತಿನ ಲಿಂಗದ ಶಿವದಾರವನ್ನು ಹಿಡಿದುಕೊಂಡಿತು. ಮುಗಿದ ಮೇಲೆ "ಇನ್ನೊಂದ್ಸಲ ಆಕು" ಎಂದಳು. ಮೂರು ಸಲ ಹಾಕಿದೆ. ಅಪ್ಪನ ವಿಷಯ ಏನಾದರೂ ಕೇಳುತ್ತಾಳೆಂದು ಕಾದೆ. ಅವಳು ಆಡಿದ್ದು ಬೇರೆ.

"ಚೊಂಬ ನಾ ಅವ್ನ ಕೈಗೆ ಕೊಡ್ನಿಲ್ಲ ಕಣವ್ವ. ದೂರ ನಿಂತ್ಕಂಡು ಬೊಗಸೆಗೆ ಮೇಲಿಂದ ಉಯ್ದೆ. ಅಂಗೇ ಕಲ್ಸಿದ್ರು ನಂಗೆ. ಅರ್ಧ ನೆಲಕ್ಕೋಯ್ತು. ಅವ್ನು ಅದ್ನೂ ಏಳ್ನಿಲ್ಲ, ನೀರು ಉಯ್ತು ಅಂದ ಅಷ್ಟೆ."

ಅಷ್ಟು ಹೇಳಿ ಅತ್ತಳು. ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂಗು ಒರೆಸಿಕೊಂಡು, "ಅವ್ನಿಗೆ ಎಡೆ ಇಡೋರು ಯಾರವ್ರೆ?" ಎಂದು ಕೇಳಿದಳು.

ಯಾರೂ ಇಲ್ಲ ಎಂದೆ. ಆದರೂ ಮರುದಿನ ಕೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಹಿರಿಯ ಪುಟ್ಟಮಾದ, ಆ ಮನೆಯವರು ತಾನು ಹುಡುಗನಾಗಿದ್ದಾಗಲೇ ಮೇಟುಪಾಳ್ಯದ ಕಡೆ ಹೋದರು, ಆಮೇಲೆ ಸುದ್ದಿಯಿಲ್ಲ ಎಂದ. ಬಂದು ಹಾಗೆಯೇ ಹೇಳಿದೆ. ಅಜ್ಜಿ ತಲೆಯಾಡಿಸಿದಳು.

ಆ ವಾರವೇ ಅಜ್ಜಿ ನನ್ನನ್ನು ಎಬ್ಬಿಸಿಕೊಂಡು ಆಟೋದಲ್ಲಿ ತವರಿಗೆ ಹೊರಟಳು. ಮಾವನ ಮನೆಯ ಜಗಲಿಯ ಮೇಲೆ ಕೂತು, ಟೇಪನ್ನು ಅವರಿಗೆ ಕೇಳಿಸಿಯೇ ಬಿಟ್ಟಳು. ಬೇಡವೆನ್ನಲು ಸೋದರತ್ತೆಯ ಮುಂದೆ ಮಾವನಿಗೆ ಬಾಯಿರಲಿಲ್ಲ. ಕಲ್ಲು ತಕ್ಕಂಡ್ರು ಎಂಬಲ್ಲಿ ಅವರ ತಲೆ ಪೂರ್ತಿ ಬಗ್ಗಿತು. ಮಹದೇವಪ್ಪ ಮಣ್ಣಿಗೆ ಇಡಿ ಎಂದು ಕಳಿಸಿದ್ದನ್ನು ಅವರ ತಾತ ಹೊಳೆಗೆ ಬಿಡಿಸಿದ್ದ. ಅದನ್ನು ಈಗ ಸರಿ ಮಾಡುವ ದಾರಿಯೇ ಇರಲಿಲ್ಲ.

"ಎಡೆ ಇಡ್ಮ ಅತ್ತೆ" ಎಂದರು ಕೊನೆಗೆ. "ಯಾರೇನಾರ ಅನ್ಲಿ, ಇದ್ದದ್ದ ಇದ್ದಂಗೇ ಏಳ್ಮ. ಏಳ್ನೇ ಎಲೆ ಆಕ್ಸ್ತೀನಿ."

ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಅಜ್ಜಿ ಮಾತ್ರ ಕದಲಲಿಲ್ಲ.

"ಎಂಟು ಎಲೆ" ಎಂದಳು.

ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಗಿಯಾಯಿತು. ಚಿಕ್ಕಮಾದ ದೊಡ್ಡ ಮನುಷ್ಯ, ಇಲ್ಲವೆನ್ನುವುದಿಲ್ಲ, ಆದರೆ ಮನೆಯ ಹಿರಿಯರ ಸಾಲಿನಲ್ಲಿ, ದೇವರಮನೆಯ ಮುಂದೆ, ನಮ್ಮವನಲ್ಲದವನಿಗೆ ಎಡೆ ಇಡುವುದು ಎಲ್ಲಿಯೂ ಇಲ್ಲ ಎಂದರು. ಬೇಕಾದರೆ ಹೊಲದ ಬದುವಿನಲ್ಲಿ ಇಡೋಣ ಎಂದರು. ಅವರು ಹೇಳಿದ್ದರಲ್ಲಿ ವ್ಯಂಗ್ಯವಾಗಲೀ ಸಿಟ್ಟಾಗಲೀ ಇರಲಿಲ್ಲ, ಅದೇ ನನಗೆ ಮೈಯುರಿಸಿತು. ಬಸವಜಯಂತಿಗೆ ವೇದಿಕೆ ಹತ್ತಿ ಎಲ್ಲರೂ ಒಂದೇ ಎನ್ನುವವರು ಇದೇ ಮಾವ. ಬಾಯಿ ತೆಗೆಯಲಿದ್ದೆ. ಅಜ್ಜಿ ನನ್ನ ತೊಡೆ ಚಿವುಟಿ ಕೂರಿಸಿದಳು.

"ಇಡದಿದ್ರೆ ಎರಡೂ ಬ್ಯಾಡ" ಎಂದಳು.

"ಅತ್ತೆ, ಅಪ್ಪಂಗೆ ಎಡೆ ಇಡ್ಸ್ಬೇಕು ಅಂತ ಇಷ್ಟು ವರ್ಸ ಕಾದಿದ್ದಿಯಲ್ಲ."

"ಊಂ, ಕಾದಿದ್ದೆ." ಅಜ್ಜಿಯ ಧ್ವನಿ ಏರಲೇ ಇಲ್ಲ. "ನಾ ಒಂದ ಕೇಳ್ತೀನಿ, ನೀ ಏಳು ಉಮಾಸಂಕ್ರ. ಲಿಂಗ ಕಳಚ್ದೋನು ನಮ್ಮೋನಲ್ಲ ಅಂತ ನಿಮ್ತಾತ ನಮ್ಮಪ್ಪನ ಮನೆಯಿಂದ ಆಚ್ಗಾಕ್ದ. ಸರಿ, ಅದು ನಮ್ಮೋರ ಕಟ್ಟು. ಅಂಗಾರೆ ಲಿಂಗ ಕಟ್ಟಿಸ್ಕಂಡೋನು ಯಾರ್ಲಾ? ನಮ್ಮಪ್ಪ ಸಾಯ್ತಾ ಕೂತ್ಕಂಡು ತನ್ನ ಕೈಯಾರೆ ಮಾದನ ಕತ್ಗೆ ಕಟ್ದ, ಮೂರು ಗಂಟಾಕಿ. ಮೂರು ವರ್ಸ ಅವ್ನ ಎದೆ ಮ್ಯಾಲಿತ್ತು. ಕಳಚ್ದೋನು ಆಚೆಗೆ ಅನ್ನದಾದ್ರೆ ಕಟ್ಕಂಡೋನು ಒಳ್ಗೆ ಅನ್ಬೇಕು. ಇಲ್ಲ ಅಂದ್ರೆ ಎರಡೂ ಸುಳ್ಳು, ಅಷ್ಟೇ ತಾನೆ?"

ಮಾವನ ಹೆಂಡತಿ ಬಾಗಿಲಲ್ಲಿ ಕಾಫಿ ಹಿಡಿದು ನಿಂತವರು ನಿಂತೇ ಇದ್ದರು. ನಾನು ಭಾಷಣ ಮಾಡಿದ್ದರೆ ಮಾವ ಹತ್ತು ಉತ್ತರ ಕೊಡುತ್ತಿದ್ದರು. ಅಜ್ಜಿ ಅವರದೇ ಮಾತನ್ನು ಮಡಚಿ ಅವರ ಕೈಗೆ ಕೊಟ್ಟಿದ್ದಳು. ಮಾವ ಎದ್ದು, "ಐನೋರ್ನ ಕೇಳ್ತೀನಿ" ಎಂದು ಹೊರಗೆ ಹೋದರು. ಅದು ಒಪ್ಪಿಗೆಯೋ ತಪ್ಪಿಸಿಕೊಳ್ಳುವ ಉಪಾಯವೋ ತಿಳಿಯದೆ ನಾವು ವಾಪಸು ಬಂದೆವು.

ಹಬ್ಬದ ಅಮಾವಾಸ್ಯೆಗೆ ನಾಲ್ಕು ತಿಂಗಳಿತ್ತು. ಮಾವ ಸುದ್ದಿ ಕಳಿಸಲಿಲ್ಲ. ನಾನೂ ಕಾದಂಬರಿಯ ನೋಟ್‌ಬುಕ್ ತೆಗೆದು ನೋಡಲಿಲ್ಲ. ಚೀನೀ ಹೆಣ್ಣು ಅದರೊಳಗೆ ತೋಟದ ಬೇಲಿಯ ಹತ್ತಿರ ಯಾರಿಗೋ ಕಾಯುತ್ತ ನಿಂತಿದ್ದಾಳೆ. ಪಾಪ, ಅವಳದೇನೂ ತಪ್ಪಿಲ್ಲ. ಹೊಸ ನೋಟ್‌ಬುಕ್ಕಿನಲ್ಲಿ ಚಿಕ್ಕಮಾದನ ಮಾತನ್ನು ಅವನು ಆಡಿದ ಹಾಗೆಯೇ ಬರೆದುಕೊಂಡೆ. ಮುಂದೆ ಏನು ಬರೆಯಬೇಕೆಂದು ಮೊದಲ ಸಲ ನನಗೆ ಆತುರವಿರಲಿಲ್ಲ.

ಹಬ್ಬದ ದಿನ ಅಜ್ಜಿ, ನಾನು, ಅಪ್ಪ, ಅವ್ವ ನಾಲ್ವರೂ ಹೋದೆವು. ಅಂಗಳದಲ್ಲಿ ಕಜ್ಜಾಯ ಕರಿಯುವ ವಾಸನೆ. ಮಾವ ಅಜ್ಜಿಗೆ ಕೈಕೊಟ್ಟು ಆಟೋದಿಂದ ಇಳಿಸಿದರು. ನಡುಮನೆಗೆ ಕಾಲಿಡುವಾಗ ಎಣಿಸಬಾರದೆಂದುಕೊಂಡರೂ ಕಣ್ಣು ಎಣಿಸಿತು. ಗೋಡೆಯುದ್ದಕ್ಕೆ ಎಂಟು ಬಾಳೆಎಲೆ. ಪ್ರತಿ ಎಲೆಯ ಹಿಂದೆ ಆಯಾ ಹಿರಿಯರಿಗೆಂದು ತಂದ ಹೊಸ ಬಟ್ಟೆ. ಕೊನೆಯ ಎರಡು ಎಲೆಗಳ ಹಿಂದೆ ಎರಡು ಪಂಚೆ, ಎರಡು ಟವೆಲ್ಲು, ಒಂದೇ ಅಂಗಡಿಯವು, ಒಂದೇ ಅಂಚಿನವು. ಐನೋರು ಬಂದಿರಲಿಲ್ಲ. ಬರಲಿಲ್ಲ ಎಂದಷ್ಟೇ ಮಾವ ಹೇಳಿದರು. ಅವರೇ ಧೂಪ ಹಾಕಿ, ಅವರೇ ಒಂದೊಂದು ಎಲೆಯ ಮುಂದೆ ನಿಂತು ಹೆಸರು ಹೇಳಿದರು. ಏಳನೆಯ ಎಲೆಯ ಮುಂದೆ, ಆ ಮನೆಯ ಗೋಡೆಗಳು ಮರೆತಿದ್ದ ಹೆಸರು, ಮಹದೇವಪ್ಪ ಎಂದರು. ಎಂಟನೆಯದಕ್ಕೆ ಚಿಕ್ಕಮಾದಪ್ಪ ಎಂದರು. ಹೆಸರಿನ ಕೊನೆಗೆ ‘ಅಪ್ಪ’ ಸೇರಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎಡೆ ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಕದ ಮುಂದೆ ಮಾಡಬೇಕು. ಹಿರಿಯರು ಬಂದು ಉಣ್ಣುವ ಹೊತ್ತಿಗೆ ಬದುಕಿರುವವರು ನೋಡಬಾರದು. ಒಬ್ಬೊಬ್ಬರಾಗಿ ಹೊರಗೆ ಬಂದೆವು. ಅಜ್ಜಿ ಏಳಲಿಲ್ಲ. ಎಬ್ಬಿಸಲು ನಾನು ತಿರುಗಿ ಹೋದಾಗ ಅವಳು ಏಳನೆಯ ಎಲೆಯ ಮುಂದೆ ಮಂಡಿಯೂರಿ ಕೂತಿದ್ದಳು. ಎಂಬತ್ತಾರು ವರ್ಷದ ಬೆನ್ನು ಬಗ್ಗಿ ಹಣೆ ಹೆಚ್ಚುಕಡಿಮೆ ಎಲೆಗೆ ತಾಗುತ್ತಿತ್ತು. ಗುಟ್ಟು ಹೇಳುವವಳ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

"ಅಪ್ಪ, ಚಿಕ್ಕಮಾದಣ್ಣ ನೋಡ್ಕಂಡು ಬಂದವ್ನೆ, ಇಲ್ಲೇ ಪಕ್ಕದಲ್ಲೇ ಕೂತವ್ನೆ, ಕೇಳು" ಎನ್ನುತ್ತಿದ್ದಳು. "ಎಣ್ಣು ಕಣಪ್ಪ. ನಾನು ಎಣ್ಣು ಕೂಸು."